ಅಕ್ಕೋರಿಗೆ ಭೂಮಿಯ ಬಿರುಕು ತೋರಿಸಿದ್ದು

ಮರುಭೂಮಿಗೆ ಜನರನ್ನು ಕರೆದೊಯ್ಯುವವರಿಗೆ ಮೊದಲು ಕಲಿಸುವ ಪಾಠ ಒಂದೇ: ನೀರು ಕುಡಿದಿರಾ ಎಂದು ಯಾರನ್ನೂ ಕೇಳಬೇಡಿ, ಬಾಟಲಿ ನೋಡಿ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ನಾನು ಆ ಪಾಠವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದೆ. ಪ್ರಯಾಣಿಕರಿಗೆಲ್ಲ ಒಂದೇ ಥರದ ಬಾಟಲಿ ಕೊಟ್ಟು, ಅದರ ಸುತ್ತ ಬಣ್ಣದ ಟೇಪಿನಿಂದ ಗೆರೆಗಳನ್ನು ಸುತ್ತಿದ್ದೆ. ಮೊದಲ ನಿಲುಗಡೆಗೆ ಬರುವಷ್ಟರಲ್ಲಿ ನೀರು ಮೊದಲ ಗೆರೆಗೆ ಇಳಿದಿರಬೇಕು, ಮುಂದಿನ ನಿಲುಗಡೆಗೆ ಮುಂದಿನ ಗೆರೆಗೆ. ಇಳಿಯದಿದ್ದವರು ನನ್ನೆದುರು ನಿಂತು ಕುಡಿಯಬೇಕು. ಪ್ರವಾಸದ ಬಸ್ಸಿನಲ್ಲಿ, ಅಂದರೆ ಕೋಚಿನಲ್ಲಿ, ನನಗೆ ‘ನೀರು ಪೊಲೀಸ್’ ಎಂದು ಹೆಸರು ಬಿದ್ದಿತ್ತು. ಬಿದ್ದರೆ ಬೀಳಲಿ. ಈ ಪ್ರವಾಸದಲ್ಲಿ ಅಂದಿನವರೆಗೆ ಯಾರೂ ತಲೆ ಸುತ್ತಿ ಕೂತಿಲ್ಲ ಎಂಬ ಜಂಭ ನನಗಿತ್ತು.

ನಾನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಕ್ಕದ ಓಲ್ಡ್‌ಬರಿಯ ಒಂದು ಸಣ್ಣ ಟ್ರಾವೆಲ್ ಕಚೇರಿಯಲ್ಲಿ ಟೂರ್ ಮ್ಯಾನೇಜರ್. ನಮ್ಮ ಕಚೇರಿ ಹೆಚ್ಚಾಗಿ ಬ್ಲ್ಯಾಕ್‌ಪೂಲ್ ಕಡಲತೀರದ ದೀಪಾಲಂಕಾರ ನೋಡಲು, ಲೇಕ್ ಡಿಸ್ಟ್ರಿಕ್ಟಿನ ಮಳೆಯಲ್ಲಿ ನೆನೆಯಲು ಜನರನ್ನು ಕರೆದೊಯ್ಯುತ್ತದೆ. ಅಲ್ಲಿ ನಾನು ಎಣಿಸುವುದು ಕೊಡೆಗಳನ್ನು. ಆ ವರ್ಷ ಅಕ್ಟೋಬರಿನಲ್ಲಿ ಶಾಲೆಗಳ ಹಾಫ್ ಟರ್ಮ್ ರಜೆಗೆ ಕನ್ನಡಿಗರ ಒಂದು ಗುಂಪು ಅಮೆರಿಕದ ಮರುಭೂಮಿ ನೋಡಬೇಕೆಂದು ಬಂದಾಗ ಮಾಲೀಕರು ನನ್ನ ಮುಖ ನೋಡಿದರು. ನಾನು ಹಿಂದೊಮ್ಮೆ ಅಲ್ಲಿಗೆ ಸಹಾಯಕಿಯಾಗಿ ಹೋಗಿದ್ದೆ. ಈ ಬಾರಿ ಒಬ್ಬಳೇ.

ಹೊರಡುವ ಮೊದಲು ನಮ್ಮ ಕಚೇರಿಯ ಹತ್ತಿರದ ಟಿವಿಡೇಲಿನ ದೇವಸ್ಥಾನದಲ್ಲಿ ಎಲ್ಲರನ್ನೂ ಸೇರಿಸಿದ್ದೆ. ಶನಿವಾರ ಮ್ಯಾಂಚೆಸ್ಟರಿನವರು, ಲೀಡ್ಸಿನವರು ಹೇಗೂ ಅಲ್ಲಿಗೆ ಬರುತ್ತಾರೆ. ದರ್ಶನವೂ ಆಯಿತು, ಊಟವೂ ಆಯಿತು, ನನ್ನ ಭಾಷಣವೂ ಆಗಿಹೋಗಲಿ ಎಂದು ನನ್ನ ಲೆಕ್ಕ. ಊಟವಾದ ಮೇಲೆ ಮಾತಾಡಿದ್ದು ತಪ್ಪಾಯಿತು, ಅರ್ಧ ಜನ ತೂಕಡಿಸುತ್ತಿದ್ದರು. ನಾವು ಹೋಗಲಿದ್ದ ಜೋಶುವಾ ಟ್ರೀ ಎಂಬ ಮರುಭೂಮಿಯ ರಾಷ್ಟ್ರೀಯ ಉದ್ಯಾನದೊಳಗೆ ಕುಡಿಯುವ ನೀರು ಸಿಗುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ, ನಾವು ಹತ್ತುವ ಕೀಸ್ ವ್ಯೂ ಎಂಬ ನೋಟದ ಜಾಗ ಸಮುದ್ರಮಟ್ಟದಿಂದ ಐದು ಸಾವಿರ ಅಡಿಗೂ ಮೇಲಿದೆ, ಕೆಳಗೆ ಬಿಸಿಲಿದ್ದರೂ ಮೇಲೆ ಚಳಿಗಾಳಿ ಬೀಸುತ್ತದೆ ಎಂದು ನಾನು ಹೇಳುತ್ತಿದ್ದರೆ, ಕೇಳಿಬಂದ ಮೊದಲ ಪ್ರಶ್ನೆ ರಿಯಾಯಿತಿ ಬೆಲೆಯ ಔಟ್‌ಲೆಟ್ ಮಾಲಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಎಂಬುದು. ಕೇಳಿದವರು ಮ್ಯಾಂಚೆಸ್ಟರ್ ಕಡೆಯ ಬರ್ಚ್‌ವುಡ್‌ನಲ್ಲಿ ಕೆಲಸ ಮಾಡುವ, ಮೈಸೂರು ಕಡೆಯ ಒಬ್ಬ ಇಂಜಿನಿಯರ್. ಇಡೀ ಪ್ರಯಾಣದ ವೇಳಾಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದ ಮನುಷ್ಯ.

ಎರಡನೆಯ ಪ್ರಶ್ನೆ ಕಿಟಕಿಯ ಪಕ್ಕದಿಂದ ಬಂತು.

“ಅಲ್ಲಿಂದ ಆ ಬಿರುಕು ಖರೇನ ಕಾಣಸ್ತೈತೇನು?”

ಇಳಕಲ್ ಸೀರೆ, ಮೇಲೊಂದು ಉಣ್ಣೆಯ ಕೋಟು, ಹಣೆಯ ತುಂಬ ವಿಭೂತಿ. ಬಾಗಲಕೋಟೆ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಮ್ಯಾಂಚೆಸ್ಟರಿನ ಡಿಡ್ಸ್‌ಬರಿಯಲ್ಲಿ ಡಾಕ್ಟರ್ ಮಗನ ಮನೆಯಲ್ಲಿದ್ದರು, ಮಗ ಮತ್ತು ಮೊಮ್ಮಗಳ ಜೊತೆ ಪ್ರವಾಸಕ್ಕೆ ಹೊರಟಿದ್ದರು. ಗುಂಪಿನವರು ಅವರನ್ನು ಟೀಚರಮ್ಮ ಎನ್ನುತ್ತಿದ್ದರು. ನಾನು ಹುಬ್ಬಳ್ಳಿಯವಳು. ಎಲ್ಲರ ಜೊತೆ ಬೆಂಗಳೂರು ಕನ್ನಡ ಆಡಿ ಆಡಿ ನನ್ನ ನಾಲಿಗೆ ಸಪಾಟಾಗಿ ಹೋಗಿದೆ, ಆದರೆ ಆ ಒಂದು ‘ಖರೇನ’ ಕೇಳಿದ್ದೇ ನನ್ನ ಬಾಯಲ್ಲಿ ತಾನಾಗಿ ‘ಅಕ್ಕೋರ’ ಬಂತು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಕರೆಯುವುದು ಹಾಗೆಯೇ.

“ಕಾಣಸ್ತೈತ್ರಿ ಅಕ್ಕೋರ. ಸ್ಯಾನ್ ಆಂಡ್ರಿಯಾಸ್ ಬಿರುಕು ಅಲ್ಲೇ ಕೆಳಗ ಹಾದು ಹೋಗೈತಿ.”

“ನಾ ಅದನ್ನ ಪ್ರತಿ ವರ್ಷ ಬೋರ್ಡಿನ ಮ್ಯಾಲ ಸುಣ್ಣದ ಕಡ್ಡೀಲೆ ತಗದೀನವ್ವಾ. ಭೂಕಂಪದ ಪಾಠ. ಪ್ರತಿ ವರ್ಷ ಒಬ್ಬಾಕಿ ಹುಡುಗಿ ಹಿಂದಿನ ಬೆಂಚಿನ್ಯಾಗಿಂದ ಎದ್ದು ಕೇಳಾಕೀನ, ‘ಅಕ್ಕೋರ, ನೀವು ನೋಡೀರೇನ್ರಿ?’ ಅಂತ. ಇಲ್ಲವಾ, ನಾನೂ ನಿಮ್ಮಂಗ ಪುಸ್ತಕದಾಗ ನೋಡಿದಾಕಿ ಅಂತಿದ್ದೆ. ಇಡೀ ಕ್ಲಾಸು ನಗತಿತ್ತು.” ಅವರೂ ನಕ್ಕರು. ಆಮೇಲೆ ನಗು ನಿಲ್ಲಿಸಿ, “ನನಗ ಉಳಿದದ್ದೇನೂ ತೋರಸಬ್ಯಾಡ. ಅದೊಂದು ತೋರಸು” ಅಂದರು.

ತೋರಿಸುತ್ತೇನೆ ಎಂದು ಮಾತು ಕೊಟ್ಟೆ. ನಮ್ಮ ಕೆಲಸದಲ್ಲಿ ಕೊಡಬಾರದ ಮಾತು ಅದು. ಮಂಜು, ಧೂಳು, ಕೆಟ್ಟ ರಸ್ತೆ, ಕೆಟ್ಟ ಹೊಟ್ಟೆ, ಯಾವುದು ಅಡ್ಡ ಬರುತ್ತದೋ ಯಾರು ಬಲ್ಲರು. ಕೊಟ್ಟುಬಿಟ್ಟೆ.

ಉದ್ಯಾನಕ್ಕೆ ಹೋದ ದಿನದ ಯೋಜನೆ ಹೀಗಿತ್ತು. ಉದ್ಯಾನದ ಅಂಚಿನ ಊರಿನಲ್ಲಿ ರಾತ್ರಿ ತಂಗಿದ್ದವರು ಬೆಳಗಿನ ಜಾವವೇ ಹೋಟೆಲ್ ಖಾಲಿ ಮಾಡಿ ಲಗೇಜನ್ನು ಕೋಚಿನ ಹೊಟ್ಟೆಗೆ ತುಂಬುವುದು. ತಡವಾದರೆ ಒಳಗೆ ಕೋಚ್ ನಿಲ್ಲಿಸಲು ಜಾಗ ಸಿಗುವುದಿಲ್ಲ. ಬಂಡೆಗಳ ನಡುವೆ ಒಂದು ಸುತ್ತು ನಡೆಯುವುದು, ಬಿಸಿಲೇರುವ ಮೊದಲು ಕೀಸ್ ವ್ಯೂ ಹತ್ತುವುದು, ಮಧ್ಯಾಹ್ನ ಔಟ್‌ಲೆಟ್, ರಾತ್ರಿ ಲಾಸ್ ಏಂಜಲೀಸ್. ಡ್ರೈವರ್ ಅಲ್ಲಿಯವನೇ, ನಡುವಯಸ್ಸಿನ ಶಾಂತ ಮನುಷ್ಯ. ಅವನು ದಿನಕ್ಕೆ ಇಷ್ಟೇ ಹೊತ್ತು ಕೆಲಸ ಮಾಡಬಹುದೆಂದು ಕಾನೂನಿದೆ, ಆ ಗಡಿ ದಾಟಿದರೆ ಎಲ್ಲಿದ್ದರೂ ಕೋಚ್ ನಿಲ್ಲಿಸಬೇಕು. ಆದ್ದರಿಂದ ನನ್ನ ಯೋಜನೆಯಲ್ಲಿ ಎಲ್ಲಿ ಎಷ್ಟು ಸಡಿಲವಿದೆ ಎಂಬುದು ನನಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಹೆಚ್ಚೇನೂ ಇರಲಿಲ್ಲ.

ಬಂಡೆಗಳ ಜಾಗದಲ್ಲಿ ಎಲ್ಲ ಚೆನ್ನಾಗಿಯೇ ನಡೆಯಿತು. ಮನೆಯಷ್ಟು ದೊಡ್ಡ ಬಂಡೆಗಳು, ನಡುವೆ ಮೈಯೆಲ್ಲ ಮುಳ್ಳಿನ ಆ ವಿಚಿತ್ರ ಮರಗಳು. ಒಬ್ಬರು ನಮ್ಮ ಬಾದಾಮಿಯೇ ವಾಸಿ ಅಂದರು, ಇನ್ನೊಬ್ಬರು ಹಂಪಿ ಅಂದರು. ಹೊರನಾಡಿಗೆ ಹೋದ ಕನ್ನಡಿಗರು ಯಾವ ಬಂಡೆ ಕಂಡರೂ ಹಂಪಿಗೆ ಹೋಲಿಸದೆ ಬಿಡುವುದಿಲ್ಲ. ನಾನು ಸಾಲಾಗಿ ಬಾಟಲಿ ತಪಾಸಣೆ ಮಾಡಿದೆ. ಅಕ್ಕೋರ ಬಾಟಲಿ ಗೆರೆಗಿಂತ ಕೆಳಗೇ ಇಳಿದಿತ್ತು. “ಭೇಷ್ ಅಕ್ಕೋರ, ಫಸ್ಟ್ ಕ್ಲಾಸ್” ಅಂದೆ. ಅವರು ನಕ್ಕು ಬೇರೆ ಕಡೆ ನೋಡಿದರು.

ಸುತ್ತು ಮುಗಿದು ಎಲ್ಲರೂ ಕೋಚಿಗೆ ಮರಳುತ್ತಿದ್ದಾಗ ಅವರು ಒಂದು ಬಂಡೆಗೆ ಕೈಕೊಟ್ಟು ನಿಂತರು. ನಿಂತವರು ಮೆಲ್ಲಗೆ ಕುಸಿದು ಕೂತರು. ಮಗ ಓಡಿ ಬಂದರು. ಮ್ಯಾಂಚೆಸ್ಟರಿನ ಆಸ್ಪತ್ರೆಯಲ್ಲಿ ವಯಸ್ಸಾದವರನ್ನೇ ನೋಡುವ ಡಾಕ್ಟರ್ ಅವರು. ನಾಡಿ ಹಿಡಿದರು, ನಾಲಿಗೆ ನೋಡಿದರು, ಎದೆಯ ಮೇಲಿನ ಚರ್ಮವನ್ನು ಚಿವುಟಿ ಬಿಟ್ಟು ನೋಡಿದರು.

“ಮೈಯಾಗ ನೀರ ಇಲ್ಲ. ಅವ್ವಾ, ನೀರು ಕುಡದೀ ಇಲ್ಲೊ?”

“ಬಾಟ್ಲಿ ನೋಡು, ಅರ್ಧ ಆಗೈತಿ” ಅಂದರು ಅಕ್ಕೋರು.

ಹೌದು, ಅರ್ಧ ಆಗಿತ್ತು. ನನ್ನ ಪದ್ಧತಿಯ ಪ್ರಕಾರ ಅವರು ಗುಂಪಿನಲ್ಲೇ ಹೆಚ್ಚು ನೀರು ಕುಡಿದವರು. ಹಾಗಾದರೆ ಹೃದಯವೇ, ಸಕ್ಕರೆಯೇ, ಮತ್ತೇನಾದರೂ ದೊಡ್ಡದೇ ಎಂದು ಡಾಕ್ಟರ್ ಮುಖ ಕಪ್ಪಿಟ್ಟಿತು. ನಾನು ಛತ್ರಿ ಹಿಡಿದು ಅವರಿಗೆ ನೆರಳು ಮಾಡಲು ಬಗ್ಗಿದೆ. ಆಗ ಮುಖ ಹತ್ತಿರ ಬಂತು. ಹಣೆ ಬೋಳಾಗಿತ್ತು.

ಟಿವಿಡೇಲಿನಲ್ಲಿ, ವಿಮಾನದಲ್ಲಿ, ಹಿಂದಿನ ದಿನ ಕೋಚಿನಲ್ಲಿ, ಯಾವಾಗ ನೋಡಿದರೂ ಆ ಹಣೆಯ ಮೇಲೆ ವಿಭೂತಿಯ ಪಟ್ಟೆ ಇತ್ತು. ಇಂದು ಇಲ್ಲ. ವಿಭೂತಿ ಇಲ್ಲವೆಂದರೆ ಪೂಜೆ ಆಗಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹಳೆಯ ಕಾಲದವರು ಜಳಕ ಮಾಡಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವ ತನಕ ಬಾಯಿಗೆ ಹನಿ ನೀರು ಹಾಕುವುದಿಲ್ಲ. ನನ್ನ ಅಜ್ಜಿಯೂ ಹಾಗೆಯೇ ಇದ್ದಳು.

“ಅಕ್ಕೋರ, ಪೂಜಿ ಆತೇನ್ರಿ?”

ಅವರು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡರು. ಪಕ್ಕದಲ್ಲಿದ್ದ ಮೊಮ್ಮಗಳು, ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವಳು, ಅಳುಮುಖ ಮಾಡಿದಳು. “ಐ ಡ್ರ್ಯಾಂಕ್ ಹರ್ ವಾಟರ್. ಶಿ ಸೆಡ್ ಐ ಕುಡ್.”

ಅಷ್ಟೇ. ಒಂದೇ ಬಾತ್‌ರೂಮು, ಮೂರು ಜನ, ಜಾವದ ಗಡಿಬಿಡಿ. ತಾನು ಪೂಜೆಗೆ ಕೂತರೆ ಇಡೀ ಕೋಚು ಕಾಯಬೇಕಾದೀತು ಎಂದು ಅವರು ರಾತ್ರಿ ಲಾಸ್ ಏಂಜಲೀಸಿನಲ್ಲಿ ಮಾಡಿದರಾಯಿತು ಅಂದುಕೊಂಡಿದ್ದರು. ಒಂದು ಹೊತ್ತು ಉಪವಾಸ ಅವರಿಗೆ ಹೊಸದಲ್ಲ. ಡಿಡ್ಸ್‌ಬರಿಯ ಮಳೆಯಲ್ಲಿ ಸಂಜೆಯ ತನಕ ನೀರಿಲ್ಲದೆ ಇದ್ದರೂ ನಡೆದೀತು. ಇಲ್ಲಿಯ ಗಾಳಿ ಬೆವರು ಕಾಣಿಸುವ ಮೊದಲೇ ಕುಡಿದುಬಿಡುತ್ತದೆ ಎಂದು ನಾನು ಭಾಷಣದಲ್ಲಿ ಹೇಳಿದ್ದೆ. ಹೇಳಿದ್ದು ಊಟವಾದ ಮೇಲೆ.

“ಅವ್ವಾ, ಈಗ ಕುಡಿ. ದೇವರೇನು ಬ್ಯಾಡ ಅಂತಾನೇನು?” ಡಾಕ್ಟರ್ ಬಾಟಲಿಯ ಮುಚ್ಚಳ ತೆಗೆದು ಹಿಡಿದರು.

“ದೇವರು ಏನೂ ಅನ್ನಂಗಿಲ್ಲೋ. ನನಗ ನಾನ ಅಂತೀನಿ. ದೀಕ್ಷಾ ಆದಾಗಿಂದ ತಪ್ಪಿಸಿಲ್ಲ, ಈಗ ತಪ್ಪಸಂಗಿಲ್ಲ.”

“ಹಂಗಾರ ಊರಿಗೆ ಹೋಗೂನು. ಕ್ಲಿನಿಕ್ಕಿನ್ಯಾಗ ಡ್ರಿಪ್ ಹಚ್ಚತಾರ. ಅವರು ನಿನ್ನ ಪೂಜಿ ಕೇಳಂಗಿಲ್ಲ.”

ಅಕ್ಕೋರು ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ, “ಹೋಗೂನು ನಡಿ. ನನ್ನ ಸಲುವಾಗಿ ಉಳಿದವರು ಕೆಡೂದು ಬ್ಯಾಡ. ಅವರು ನೋಡಲಿ” ಅಂದರು. ಆ ಮಾತು ನನಗೆ ಚುಚ್ಚಿತು.

ಅಷ್ಟರಲ್ಲಿ ಗುಂಪು ಸುತ್ತ ನೆರೆದಿತ್ತು. ಇಂಜಿನಿಯರ್ ವೇಳಾಪಟ್ಟಿ ತೆಗೆದರು. “ಮೇಡಂ, ತಪ್ಪು ತಿಳ್ಕೋಬೇಡಿ. ನಮ್ಮನ್ನ ಮೇಲೆ ಬಿಟ್ಟು, ಕೋಚ್ ಟೀಚರಮ್ಮನ್ನ ಕ್ಲಿನಿಕ್‌ಗೆ ಕರ್ಕೊಂಡು ಹೋಗಿ ವಾಪಸ್ ಬರ್ಲಿ. ಔಟ್‌ಲೆಟ್‌ಗೂ ಟೈಮ್ ಸಿಗುತ್ತೆ.” ಕೆಟ್ಟ ಮನಸ್ಸಿನ ಸಲಹೆಯಲ್ಲ. ನನ್ನ ಕಚೇರಿಯ ನಿಯಮವೂ ಹೆಚ್ಚುಕಡಿಮೆ ಅದೇ: ಅಸ್ವಸ್ಥರನ್ನು ಬೇರ್ಪಡಿಸಿ, ಗುಂಪನ್ನು ಮುಂದುವರಿಸಿ. ಆದರೆ ಸಿಗ್ನಲ್ ಇಲ್ಲದ, ನೀರಿಲ್ಲದ ಎತ್ತರದಲ್ಲಿ ಇಷ್ಟು ಜನರನ್ನು ಕೋಚಿಲ್ಲದೆ ಬಿಡುವುದು ನನಗೆ ಒಪ್ಪಿಗೆಯಿರಲಿಲ್ಲ. ಊರು ಹತ್ತಿರವೂ ಇರಲಿಲ್ಲ. ಕ್ಲಿನಿಕ್ಕಿಗೆ ಹೋದವರು ಅಂದು ಮರಳಿ ಬರುವುದೂ ಸಾಧ್ಯವಿರಲಿಲ್ಲ. ಮರುದಿನ ಮಧ್ಯಾಹ್ನ ವಿಮಾನ. ಅಂದರೆ ಅಕ್ಕೋರು ಬಿರುಕನ್ನು ಪುಸ್ತಕದಲ್ಲಿ ಮಾತ್ರ ನೋಡಿದವರಾಗಿಯೇ ಉಳಿಯುತ್ತಿದ್ದರು.

ನನ್ನ ಅಜ್ಜಿಗೆ ಜ್ವರ ಬಂದಾಗ ಮನೆಯವರು ಅವಳಿಗೆ ಜಳಕ ಮಾಡಗೊಡುತ್ತಿರಲಿಲ್ಲ. ಅವಳು ಕೈಕಾಲು ಮುಖ ತೊಳೆದು, ಮೈಗೆ ವಿಭೂತಿ ಹಚ್ಚಿಕೊಂಡು, ಅದನ್ನೇ ಸ್ನಾನವೆಂದು ತಿಳಿದು ಪೂಜೆಗೆ ಕೂಡುತ್ತಿದ್ದಳು. ನಾನು ಮಂಡಿಯೂರಿ ಕೂತೆ.

“ಅಕ್ಕೋರ, ಲಿಂಗ ಕೊರಳಾಗ ಐತಿ. ವಿಭೂತಿ?”

“ಬ್ಯಾಗಿನ್ಯಾಗ ಐತಿ. ಜಳಕ ಎಲ್ಲೈತಿ?”

“ವಿಭೂತಿ ಸ್ನಾನ ಮಾಡ್ರಿ. ನಮ್ಮಜ್ಜಿ ಮಾಡತಿದ್ಲು.”

“ಅದು ಜಡ್ಡಿನವರಿಗೆ ಹೇಳಿದ್ದವಾ.”

“ನೀವು ಈಗ ಯಾರ್ರಿ ಮತ್ತ? ನಿಮ್ಮ ಮಗನ್ನ ಕೇಳ್ರಿ.”

ಅವರು ಒಂದು ಕಣ್ಣು ತೆರೆದು ಮಗನನ್ನು ನೋಡಿದರು. ಮಗ, “ಜಡ್ಡು ಅಂತ ಬರದು ಸಹಿ ಮಾಡಿ ಕೊಡ್ಲೇನು?” ಅಂದರು. ಅಕ್ಕೋರ ಒಣಗಿದ ತುಟಿ ನಗಲು ನೋಡಿತು. “ಬ್ಯಾಗ್ ಕೊಡು” ಅಂದರು.

ಆಮೇಲಿನದು ನನಗೆ ಗೊತ್ತಿರುವ ಕೆಲಸ. ಡ್ರೈವರನಿಗೆ ಹೇಳಿ ಕೋಚನ್ನು ದೊಡ್ಡ ಬಂಡೆಯ ನೆರಳಿಗೆ ತರಿಸಿದೆ. ಎಂಜಿನ್ ಓಡಿಸಿಕೊಂಡು ನಿಲ್ಲುವಂತಿಲ್ಲ, ಆದ್ದರಿಂದ ಏಸಿ ಇಲ್ಲ. ಚಾವಣಿಯ ಕಿಂಡಿಗಳನ್ನೂ ಎರಡು ಬಾಗಿಲನ್ನೂ ತೆರೆದು ಗಾಳಿ ಆಡುವಂತೆ ಮಾಡಿದೆವು. ಹಿಂದಿನ ಉದ್ದ ಸೀಟನ್ನು ಒರೆಸಿ ಅವರದೇ ಶಾಲು ಹಾಸಿದೆ. ಉದ್ಯಾನದಲ್ಲಿ ಎಲೆಯೊಂದನ್ನೂ ಬಿಟ್ಟು ಬರಬಾರದು, ಹಾಗಾಗಿ ಉಪ್ಪಿಟ್ಟು ತಂದಿದ್ದ ಸ್ಟೀಲ್ ಬೋಗುಣಿಯನ್ನು ತೊಳೆದು, ಕೈಕಾಲು ತೊಳೆದ ನೀರು ಅದಕ್ಕೇ ಬೀಳುವಂತೆ ಇಟ್ಟೆ. ನಾನು ಜೊತೆಗೆ ಒಯ್ಯುವ ಓಆರ್‌ಎಸ್ ಪುಡಿಯನ್ನು ಡಾಕ್ಟರ್ ತಾವೇ ಅಳೆದು ಬೆರೆಸಿ ಸಿದ್ಧ ಮಾಡಿಕೊಂಡರು. ಪೂಜೆ ಮುಗಿಯುವ ಮೊದಲು ಪ್ರಜ್ಞೆ ಮಸುಕಾದರೆ ಯಾರ ಮಾತೂ ಕೇಳದೆ ಕ್ಲಿನಿಕ್ಕಿಗೆ ಎಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು.

ಹೊರಗೆ ಬಂದು ಗುಂಪಿನೆದುರು ನಿಂತೆ. “ಇಲ್ಲೇ ಕಾಯ್ತೀವಿ. ಟೀಚರಮ್ಮ ಚೇತರಿಸಿಕೊಂಡ ಮೇಲೆ ಎಲ್ಲರೂ ಒಟ್ಟಿಗೆ ಮೇಲೆ ಹೋಗ್ತೀವಿ. ಔಟ್‌ಲೆಟ್ ಇಲ್ಲ.”

ಎಲ್ಲರೂ ಒಟ್ಟಿಗೆ ಮಾತಾಡಿದರು. ಹ್ಯಾಂಡ್‌ಬ್ಯಾಗ್ ತರುತ್ತೇನೆಂದು ಅತ್ತಿಗೆಗೆ ಮಾತು ಕೊಟ್ಟಿದ್ದೇನೆ ಎಂದು ಒಬ್ಬರು. ಕಚೇರಿಗೆ ಬರೆಯುತ್ತೇನೆ ಎಂದು ಇನ್ನೊಬ್ಬರು. “ಬರೀರಿ,” ಅಂದೆ, “ನನ್ನ ಹೆಸರನ್ನ ಸರಿಯಾಗಿ ಬರೀರಿ. ಹ್ಯಾಂಡ್‌ಬ್ಯಾಗು ಬರ್ಮಿಂಗ್‌ಹ್ಯಾಮಿನ ಬುಲ್‌ರಿಂಗ್ ಮಾಲ್‌ನಲ್ಲೂ ಸಿಗುತ್ತೆ.” ಒಬ್ಬರ ಸಲುವಾಗಿ ಇಷ್ಟು ಜನರ ಸಿಟ್ಟು ಕಟ್ಟಿಕೊಂಡದ್ದು ಅದೇ ಮೊದಲು, ಮತ್ತು ಆ ಕ್ಷಣದಲ್ಲೇ ನನಗೆ ನನ್ನ ಬಗ್ಗೆ ಹೆಮ್ಮೆಯೆನಿಸಿತು. ಮುಚ್ಚಿಡುವುದೇಕೆ?

ಕೋಚಿನೊಳಗೆ ಅಕ್ಕೋರು ಮೊಣಕೈ, ಎದೆ, ಹಣೆಗೆ ವಿಭೂತಿ ಧರಿಸಿ, ಬೆಳ್ಳಿಯ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡರು. ಮಗ ಕೆಳಗಿನಿಂದ ತಮ್ಮ ಕೈ ಆಸರೆ ಕೊಟ್ಟರು. ನನ್ನ ಗೆರೆ ಸುತ್ತಿದ ಬಾಟಲಿಯಿಂದಲೇ ಲಿಂಗಕ್ಕೆ ನೀರೆರೆದು, ಅದನ್ನು ಸಣ್ಣ ಬಟ್ಟಲಿಗೆ ಹಿಡಿದರು. ಡಬ್ಬಿಯಿಂದ ಒಣಗಿದ ಬಿಲ್ವಪತ್ರೆ ಒಂದನ್ನು ಏರಿಸಿ, ಅಂಗೈಯನ್ನೇ ದಿಟ್ಟಿಸಿ ಕೂತರು. ಬಾಗಿಲ ಬಳಿ ನಿಂತಿದ್ದ ಡ್ರೈವರ್ ಏನು ನಡೆಯುತ್ತಿದೆ ಎಂದು ಕೇಳಲಿಲ್ಲ, ಟೋಪಿ ತೆಗೆದ. ಕೊನೆಗೆ ಆ ಬಟ್ಟಲಿನ ತೀರ್ಥವನ್ನು ಅವರು ಕುಡಿದರು. ಆ ದಿನದ ಮೊದಲ ನೀರು.

“ಈಗ ನಿನ್ನ ಔಷಧ ಕೊಡು” ಅಂದರು.

ಕೊಟ್ಟ ಓಆರ್‌ಎಸ್ ಅನ್ನು ಗಟಗಟ ಕುಡಿದು ಅಷ್ಟನ್ನೂ ವಾಂತಿ ಮಾಡಿದರು. ಡಾಕ್ಟರ್ ಗದರಿಸಿ ಚಮಚದಲ್ಲಿ ಕುಡಿಸತೊಡಗಿದರು. ಒಂದು ಚಮಚ, ಸ್ವಲ್ಪ ತಡೆದು ಇನ್ನೊಂದು. ನಾನು ಹೊರಗೆ ಉಳಿದವರ ಬಾಟಲಿ ನೋಡುತ್ತ, ಮಿಕ್ಕ ಚಪಾತಿ ಚಟ್ನಿಪುಡಿ ಹಂಚುತ್ತ, ಡ್ರೈವರನೊಡನೆ ಅವನ ಗಂಟೆಗಳ ಲೆಕ್ಕ ಹಾಕುತ್ತ ಇದ್ದೆ. ಇಷ್ಟು ಹೊತ್ತು ಕೋಚ್ ನಿಂತೇ ಇದ್ದರೂ ಅವನ ಕೆಲಸದ ಹೊತ್ತು ಓಡುತ್ತಲೇ ಇರುತ್ತದೆ. ಸೂರ್ಯ ಮುಳುಗುವಾಗ ಮೇಲಿನಿಂದ ಹೊರಟರೆ ಕಾನೂನಿನೊಳಗೆ ಲಾಸ್ ಏಂಜಲೀಸ್ ಮುಟ್ಟಬಹುದು, ಅದರ ಮೇಲೆ ಒಂದು ಕ್ಷಣವೂ ಇಲ್ಲ ಅಂದ. ಗುಂಪಿನ ಸಿಟ್ಟು ಚಪಾತಿಯ ಜೊತೆ ಅರ್ಧ ಇಳಿಯಿತು. ಯಾರೋ ಅಂತ್ಯಾಕ್ಷರಿ ಶುರು ಮಾಡಿದರು.

ಮಧ್ಯಾಹ್ನ ಬಾಗಿದ ಮೇಲೆ ಡಾಕ್ಟರ್ ಕೆಳಗಿಳಿದು ಬಂದರು. ನಾಡಿ ಹದಕ್ಕೆ ಬಂದಿದೆ, ಮೂತ್ರ ಆಗಿದೆ, ಬಿಸ್ಕತ್ತು ತಿಂದರು, ಮಗನಾದ ನನಗೇ ಬೈದರು, ಹೋಗಬಹುದು ಅಂದರು. ಕೋಚು ಹೊರಡುವಷ್ಟರಲ್ಲಿ ಉದ್ಯಾನದ ರೇಂಜರ್ ಒಬ್ಬರು ತಮ್ಮ ಗಾಡಿ ನಿಲ್ಲಿಸಿದರು. ಇಷ್ಟು ಹೊತ್ತು ಯಾಕೆ ನಿಂತಿದ್ದೀರಿ ಎಂದು ವಿಚಾರಿಸಿ, ಅಕ್ಕೋರಿಗೆ ಕೈ ಬೀಸಿ, ಮೇಲೆ ಹೋಗುತ್ತಿದ್ದೇವೆ ಎಂದಾಗ ತಲೆಯಾಡಿಸಿದರು. ಕಣಿವೆಯ ತುಂಬ ಮಬ್ಬು ತುಂಬಿದೆ, ಬೆಳಿಗ್ಗೆ ಬಂದವರಿಗೆ ಚೆನ್ನಾಗಿ ಕಂಡಿತ್ತು, ಈಗ ಏನೂ ಕಾಣುತ್ತಿಲ್ಲ, ನಿಮ್ಮ ಅದೃಷ್ಟ ಅಂದರು.

ಬೆಳಿಗ್ಗೆ ಬಂದವರಿಗೆ ಕಂಡಿತ್ತು! ಇಂಜಿನಿಯರ್ ವೇಳಾಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಬೈದಿದ್ದರೇ ವಾಸಿಯಿತ್ತು.

ಮೇಲೆ ಹತ್ತಿದೆವು. ಕೋಚಿನಿಂದ ಇಳಿಯುತ್ತಲೇ ಗಾಳಿ ಕಿವಿ ಹಿಡಿದು ತಿರುವಿತು. ಅಕ್ಕೋರ ಸೀರೆಯ ಮೇಲೆ ಮಗನ ದಪ್ಪ ಜಾಕೆಟ್ಟು, ತಲೆಗೆ ಮೊಮ್ಮಗಳ ಉಣ್ಣೆ ಟೊಪ್ಪಿಗೆ, ಕಾಲಿಗೆ ಸ್ಪೋರ್ಟ್ಸ್ ಶೂ. ತುದಿಗೆ ಹೋಗುವ ಕಾಂಕ್ರೀಟ್ ದಾರಿ ಚಿಕ್ಕದು, ಆದರೆ ಏರು. ಒಂದು ತೋಳು ಮಗ, ಒಂದು ತೋಳು ನಾನು, ಹೆಜ್ಜೆಗೊಮ್ಮೆ ನಿಂತು, ಗುಟುಕು ಕುಡಿದು ಹತ್ತಿದೆವು. ತುದಿಯ ಗೋಡೆಗೆ ಕೈಯಿಟ್ಟು ನೋಡಿದರೆ ಕೆಳಗೆ ಬರೀ ಹಾಲಿನಂಥ ಮಬ್ಬು. ಎದುರಿನ ದೊಡ್ಡ ಬೆಟ್ಟದ ನೆತ್ತಿ ಮಾತ್ರ ಅದರ ಮೇಲೆ ತೇಲುತ್ತಿತ್ತು. ಕೊಟ್ಟ ಮಾತು, ಕಳೆದ ದಿನ, ಕಟ್ಟಿಕೊಂಡ ಸಿಟ್ಟು ಎಲ್ಲ ಆ ಮಬ್ಬಿಗೇ ಹೋಯಿತು ಎಂದು ನನಗೆ ಅಳು ಬಂದಂತಾಯಿತು.

“ಎಲ್ಲಿ ಮೇಡಂ ಬಿರುಕು?” ಇಂಜಿನಿಯರ್ ಕ್ಯಾಮೆರಾದ ಕಾಲುಗಳನ್ನು ಬಿಡಿಸುತ್ತ ಕೇಳಿದರು.

“ಅವಸರ ಮಾಡಬ್ಯಾಡ್ರಿ,” ಅಂದವರು ಅಕ್ಕೋರು. “ಹೊತ್ತು ಇಳೀಲಿ.”

ಸೂರ್ಯ ಬಲಗಡೆಯ ಬೆಟ್ಟದತ್ತ ಬಾಗುತ್ತ ಬಂದ. ಡ್ರೈವರ್ ಕೆಳಗಿನಿಂದ ಕೈಗಡಿಯಾರ ತೋರಿಸಿದ. ನಾನು ತಡಿ ಎಂದು ಕೈಮಾಡಿದೆ. ಬಿಸಿಲು ಓರೆಯಾದಂತೆ ಮಬ್ಬು ತೆಳುವಾಯಿತೋ, ನೆರಳುಗಳೇ ಗಟ್ಟಿಯಾದವೋ ನನಗೆ ತಿಳಿಯದು. ಎಡಕ್ಕೆ ದೂರದಲ್ಲಿ ಉಪ್ಪುನೀರಿನ ಸರೋವರ ತಗಡಿನಂತೆ ಮಿನುಗಿತು. ಆಮೇಲೆ ಕಣಿವೆಯ ನಡುವೆ ಕಪ್ಪು ಗೆರೆಯೊಂದು ಎದ್ದಿತು. ತಗ್ಗು ಗುಡ್ಡಗಳ ಒಂದು ಸಾಲು. ಎಡದಿಂದ ಬಲಕ್ಕೆ, ನೆಟ್ಟಗೆ, ಯಾರೋ ಪಟ್ಟಿ ಇಟ್ಟು ಎಳೆದ ಹಾಗೆ.

ಅಕ್ಕೋರ ಕೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು. “ಅಕಾ ನೋಡು. ಅಲ್ಲಿ.”

“ಅದು ಗುಡ್ಡ ಅಲ್ವಾ?” ಇಂಜಿನಿಯರ್ ನಿರಾಸೆಯಿಂದ ಕೇಳಿದರು. ಅವರಂತೆ ಎಲ್ಲರೂ ಬಾಯ್ದೆರೆದ ಕಂದಕವನ್ನೇ ನಿರೀಕ್ಷಿಸಿದ್ದರು. ನಾನೂ ಕೂಡ ಗುಂಪಿಗೆ ಹಾಗೆಯೇ ವರ್ಣಿಸಿದ್ದೆ.

“ಬಿರುಕು ಅಂದ್ರ ಬಾಯಿ ತಕ್ಕೊಂಡಿರಂಗಿಲ್ಲ. ಎರಡು ನೆಲ ಒಂದಕ್ಕೊಂದು ತಿಕ್ಕಿ ತಿಕ್ಕಿ ಎದ್ದ ಗುಡ್ಡ ಅದು. ಬರ್ರಿ, ಎರಡು ಸಾಲು ನಿಂದರ್ರಿ.” ಮಗನ ತೋಳು ಬಿಟ್ಟು ನಿಂತಿದ್ದರು. ದನಿ ಬೇರೆಯಾಗಿತ್ತು. “ನಿಂದರ್ರಿ ಅಂದೆ.”

ನಿಂತರು! ಡಾಕ್ಟರು, ಇಂಜಿನಿಯರು, ಹ್ಯಾಂಡ್‌ಬ್ಯಾಗಿನವರು, ಮೊಮ್ಮಗಳು, ಎಲ್ಲರೂ ಎದುರುಬದುರಾಗಿ ಎರಡು ಸಾಲು. ಎದುರಿನವರ ಕೋಟು ಗಟ್ಟಿಯಾಗಿ ಹಿಡಿಯಬೇಕು. ಕಣಿವೆಯ ಕಡೆಯ ಸಾಲು ಬಲಕ್ಕೆ ಸರಿಯಬೇಕು, ಆದರೆ ಹಿಡಿತ ಬಿಡಬಾರದು.

“ಒಂದು ವರ್ಷಕ್ಕ ಉಗುರು ಬೆಳದಷ್ಟು. ಇಷ್ಟಿಷ್ಟ. ಸರೀರಿ. ಇನ್ನೂ. ಏ ಇಂಜಿನಿಯರ, ಜಾರಬ್ಯಾಡ. ಕೋಟು ಜಗ್ಗತೈತಿಲ್ಲೊ? ಅದ ನೋಡ್ರಿ, ನೆಲದಾಗ ತುಂಬಿದ ಬಿಗುವು. ಈಗ ಬಿಡ್ರಿ!”

ಎಲ್ಲರೂ ಒಮ್ಮೆಲೇ ಬಿಟ್ಟರು. ಇಡೀ ಸಾಲು ಮುಗ್ಗರಿಸಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕಿತು.

“ಇದು ಭೂಕಂಪ” ಅಂದರು ಅಕ್ಕೋರು. “ತಿಳದವರು ಕೈ ಎತ್ರಿ.”

ಎಲ್ಲ ಕೈಗಳೂ ಎದ್ದವು. ಪಕ್ಕದಲ್ಲಿ ನಿಂತು ನೋಡುತ್ತಿದ್ದ, ಪರಿಚಯವೇ ಇಲ್ಲದ ಅಮೆರಿಕನ್ ದಂಪತಿಯವೂ. ನಾನು ಹೆಮ್ಮೆಯಿಂದ ಬೀಗುತ್ತ ನಿಂತಿದ್ದಾಗ ಅಕ್ಕೋರ ದೃಷ್ಟಿ ನನ್ನ ಸೊಂಟಕ್ಕೆ ತೂಗುಬಿಟ್ಟಿದ್ದ ಬಾಟಲಿಯ ಮೇಲೆ ಬಿತ್ತು. ಗಡಿಬಿಡಿಯಲ್ಲಿ ನಾನು ಅದನ್ನು ಮುಟ್ಟಿರಲೇ ಇಲ್ಲ. ನೀರು ಕುತ್ತಿಗೆಯ ತನಕ ಇತ್ತು.

“ಪೊಲೀಸವ್ವಾ, ನಿನ್ನ ಗೆರಿ ಎಲ್ಲೈತಿ? ಎಲ್ಲಾರ ಮುಂದ ಕುಡಿ.”

ಕುಡಿದೆ. ಗಂಟಲು ಎಷ್ಟು ಒಣಗಿತ್ತೆಂದು ಆಗಲೇ ತಿಳಿದದ್ದು. ಇಂಜಿನಿಯರ್ ಜೋರಾಗಿ ಚಪ್ಪಾಳೆ ತಟ್ಟಿದರು. ಸೂರ್ಯ ಬೆಟ್ಟದ ಹಿಂದೆ ಜಾರಿದ, ಡ್ರೈವರ್ ಹಾರ್ನ್ ಒತ್ತಿದ, ನಾವು ಇಳಿದೆವು. ಅಕ್ಕೋರು ಮೂರು ಸಲ ಹಿಂದಿರುಗಿ ನೋಡಿದರು.

ಉದ್ಯಾನದ ಬಾಗಿಲ ಹತ್ತಿರ ಮಧ್ಯಾಹ್ನದ ಆ ರೇಂಜರ್ ಗಾಡಿಗೆ ಒರಗಿ ನಿಂತಿದ್ದರು. ನಮ್ಮ ಕೋಚನ್ನು ಗುರುತಿಸಿ ಕೈಯೆತ್ತಿದರು. ಡ್ರೈವರ್ ನಿಧಾನ ಮಾಡಿದ. ಏನಾದರೂ ಕಂಡಿತೇ ಎಂದು ಅವರು ಕೇಳಿದರು. ನಾನು ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನ ಸೀಟಿನಲ್ಲಿ ಅಕ್ಕೋರು ಎದ್ದು ನಿಂತರು. ರೇಂಜರ್ ಎರಡು ಮಾರು ದೂರದಲ್ಲಿದ್ದರು. ಆದರೂ ಅಕ್ಕೋರು ಕ್ಲಾಸಿನ ಕಟ್ಟಕಡೆಯ ಬೆಂಚಿಗೆ ಕೇಳಿಸಬೇಕೆಂಬಂತೆ, ಕನ್ನಡದಲ್ಲೇ ಗಟ್ಟಿಯಾಗಿ ಹೇಳಿದರು.

“ನೋಡೀನವಾ. ನಾ ನೋಡೀನಿ.”